ದೋಣಿಯ ಅಡಿಭಾರ

ಅಣೆಕರೆ ತೋಟ, ತೇನಿ ಜಿಲ್ಲೆ
5-8-2024, ಸೋಮವಾರ

ನನ್ನ ಕಂದ ಪ್ರೇಮನಿಗೆ,

ನಿನ್ನ ಅವ್ವನ ಆಶೀರ್ವಾದ. ಮೈ ಹೇಗಿದೆ? ನಿಲಕ್ಕೋಟ್ಟೈ ಹೂಮಂಡಿಯಲ್ಲಿ ಒದ್ದೆ ಗೋಣಿಯ ಮೇಲೆ ನಿಂತು ನಿಂತು ಕಾಲ್ಬೆರಳ ಸಂದಿ ಹುಣ್ಣಾಗಿದೆ ಎಂದಿದ್ದೆಯಲ್ಲ, ವಾಸಿಯಾಯಿತೆ? ಬೇವಿನೆಣ್ಣೆ ಹಚ್ಚು. ವಾಸನೆ ಎಂದು ಮೂಗು ಮುರಿಯಬೇಡ, ಅಷ್ಟು ಮಲ್ಲಿಗೆಯ ನಡುವೆ ನಿನ್ನನ್ನು ಯಾರು ಮೂಸುತ್ತಾರೆ? ನಿಮ್ಮಪ್ಪನಿಗೆ ಮಂಡಿನೋವು, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲಿ ದೋಣಿಯ ಮಾತೆತ್ತಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ಕೊಳ್ಳೇಗಾಲದ ತವರಿನಿಂದ ತಂದ ಕನ್ನಡ ಅಕ್ಷರವನ್ನು ಹಠ ಹಿಡಿದು ನಿನಗೆ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ನಿಮ್ಮಪ್ಪ ಇದನ್ನು ಓದಲಾರರು.

ಈ ಸಲವೂ ಆಡಿ ತಿಂಗಳ, ನಮ್ಮ ತವರಿನವರು ಹೇಳುವ ಆಷಾಢದ, ಗಾಳಿ ಕಂಬಂ ಕಣಿವೆಯಿಂದ ನುಗ್ಗಿ ಬರುತ್ತಿದೆ. ಬಾಳೆ ಎಲ್ಲ ಚಿಂದಿಯಾಗಿದೆ. ಅಣೆಕಟ್ಟಿನ ನೀರಿನ ಆಚೆ ದಡದ ಹೊಲಗಳಿಗೆ ಹೋಗಿಬರುವ ನಮ್ಮ ಐದು ಮನೆಯ ಹಾಯಿದೋಣಿಗಳನ್ನು ದಡಕ್ಕೆಳೆದು ಕಟ್ಟಿದ್ದಾರೆ. ದೋಣಿ ಸುಮ್ಮನಿದ್ದರೂ ಗಂಡಸರು ಸುಮ್ಮನಿಲ್ಲ. ದೋಣಿ ಮಗುಚದಂತೆ ತಳದಲ್ಲಿ ಭಾರ ಇಡುವುದು ಹೇಗೆ ಎಂದು ದಿನವೂ ಹುಣಸೆಮರದ ಕೆಳಗೆ ಜಗಳ. ನಿಮ್ಮಪ್ಪ ಕಲ್ಲಿಟ್ಟು ಹಗ್ಗದಿಂದ ಬಿಗಿಯಬೇಕು ಎನ್ನುತ್ತಾರೆ. ಕರುಪ್ಪಯ್ಯ ಮಾವ, "ಬಿಗ್ದ ಕಲ್ಲು ದೋಣೀನೂ ಮುಳುಗ್ಸ್ತದೆ, ಆಳ್ನೂ ಮುಳುಗ್ಸ್ತದೆ. ಮರಳ್ ಮೂಟೆ ಆದ್ರೆ ಗಾಳಿ ಬಂದ ಪಕ್ಕ ತಳ್ಬೋದು" ಎಂದು ಹೆಗಲ ಟವೆಲ್ ಕೊಡವಿ ಎದ್ದು ಹೋಗುತ್ತಾನೆ. ಸೇಕರ್ ನೀರು ತುಂಬಿದ ಕ್ಯಾನ್ ಸಾಕು ಎಂದರೆ ಇಬ್ಬರೂ ಒಟ್ಟಾಗಿ ಅವನ ಮೇಲೆ ಬೀಳುತ್ತಾರೆ. ನೆಲ ಉತ್ತು ಬದುಕಿದವರು ನಾವು, ನೀರಿನ ವಿಷಯದಲ್ಲಿ ಎಲ್ಲರೂ ಪಂಡಿತರೇ.

ಈ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ನಿನ್ನ ಹೆಸರಿನ ಮೇಲೆ. ಸುಂದರ್ ನೀರುಪಾಲಾಗಿ ಎರಡು ವರ್ಷವಾಯಿತು. ಕರುಪ್ಪಯ್ಯನ ತಮ್ಮ, ನಿನ್ನ ಜೊತೆ ಕಡಲೆಕಾಯಿ ಮೂಟೆ ತರಲು ಬಂದವನು. ಗಾಳಿ ಬೀಸಿದಾಗ ನೀನು ಹಾಯಿಯ ಹಗ್ಗ ಸಡಿಲ ಬಿಡಲಿಲ್ಲ, ಅದಕ್ಕೇ ದೋಣಿ ಮಗುಚಿತು ಎಂದು ಅಂದೇ ತೀರ್ಮಾನ ಮಾಡಿದರು. ನೀನು ಮಾತ್ರ ಒದ್ದೆ ಬಟ್ಟೆಯಲ್ಲೇ ಕೂತು, "ಹಗ್ಗ ಬುಟ್ಟೆ ಅವ್ವಾ, ಚುಕ್ಕಾಣಿ ನೀರ್ನ ಹಿಡೀಲೇ ಇಲ್ಲ" ಎಂದು ಎಷ್ಟು ಸಲ ಹೇಳಿದೆ! ಯಾರೂ ನಂಬಲಿಲ್ಲ. ಕೊನೆಗೆ ನೀನೂ ನಿನ್ನ ಮಾತನ್ನು ನಂಬುವುದನ್ನು ಬಿಟ್ಟೆ, ಊರನ್ನೂ ಬಿಟ್ಟೆ. ಎರಡು ಗಂಟೆಯ ಬಸ್ ದಾರಿ, ಎರಡು ವರ್ಷದಿಂದ ನೀನು ಬಂದಿಲ್ಲ. ಬರುವ ಭಾನುವಾರ ಐದು ಮನೆಯವರೂ ಕೂಡಿ ಕಟ್ಟಳೆ ಮಾಡುತ್ತಾರಂತೆ, ಇನ್ನು ಮುಂದೆ ಪ್ರೇಮ್‌ಕುಮಾರನ ಕೈಗೆ ಯಾರೂ ದೋಣಿ ಕೊಡಬಾರದು ಎಂದು. ನಿಮ್ಮಪ್ಪ ತಲೆ ತಗ್ಗಿಸಿ ಒಪ್ಪಿಕೊಂಡು ಬಂದರು. ಅಂದು ಅವರು ಊಟ ಮಾಡಲಿಲ್ಲ.

ಬಸ್ಸಿನಲ್ಲಿ ಹೋಗುವವರ ಕೈಯಲ್ಲಿ ಎಳ್ಳುಂಡೆ ಕಳಿಸುತ್ತಿದ್ದೇನೆ. ಹಂಚಿ ತಿನ್ನು. ಹೊತ್ತಿಗೆ ಸರಿಯಾಗಿ ನಿದ್ದೆ ಮಾಡು. ನೂರು ವರ್ಷ ಸುಖವಾಗಿರು ಮಗನೇ.

ನಿನ್ನ ಅವ್ವ,
ಮುನಿಯಮ್ಮಾಳ್

ಇನ್ನೊಂದು ಮಾತು, ಬಸ್ಸಿನ ಹಾರ್ನ್ ಕೇಳಿಸುತ್ತಿದೆ, ಬೇಗ ಬರೆಯುತ್ತೇನೆ. ಅಂದು ಆಚೆ ದಡದಲ್ಲಿ ದೋಣಿಗೆ ಮೂಟೆ ತುಂಬಿಸಿದವಳು ನಾನು. ಹಾಯಿಮರದ ಬುಡದಲ್ಲಿ ನೀನಿಟ್ಟಿದ್ದ ಮೂರು ಮರಳು ಮೂಟೆಗಳನ್ನು ದೋಣಿಯ ಮೂತಿಗೆ ಎಳೆದು ಹಾಕಿ, ಮೇಲೆ ಕಡಲೆಕಾಯಿ ಮೂಟೆ ಹೇರಿದೆ. ಹಿಂದೆ ಇಬ್ಬರು ಕೂರುತ್ತೀರಿ, ಹಿಂಭಾರವಾಗಬಾರದು ಎಂದುಕೊಂಡೆ. ಎತ್ತಿನ ಗಾಡಿಗೆ ಹಾಗೆಯೇ ತಾನೆ ನಾನು ಇಷ್ಟು ವರ್ಷ ಹೇರಿದ್ದು, ನೊಗದ ಕಡೆಗೆ ಭಾರ ಬರುವಂತೆ. ನೀನು ಸುಂದರನನ್ನು ಕರೆಯಲು ಹೊಲಕ್ಕೆ ಹೋಗಿದ್ದೆ. ಮೂತಿ ನೀರಿಗಿಳಿದರೆ ಹಿಂದೆ ಚುಕ್ಕಾಣಿ ಮೇಲೆದ್ದು ನೀರು ಹಿಡಿಯುವುದಿಲ್ಲ ಎಂದು ಹುಣಸೆಮರದ ಜಗಳ ಕೇಳಿ ಕೇಳಿ ಆಮೇಲೆ ತಿಳಿಯಿತು. ತಿಳಿದ ಮೇಲೂ ಬಾಯಿ ಬಿಡಲಿಲ್ಲ. ಹೆದರಿದೆ. ಹೆತ್ತವಳಾಗಿಯೂ ನಿನ್ನ ಹಿಂದೆ ಅಡಗಿಕೊಂಡೆ. ಭಾನುವಾರ ಎಲ್ಲರ ಎದುರು ಹೇಳುತ್ತೇನೆ. ಸುಂದರನ ಹೆಂಡತಿ ತೇನ್‌ಮೊಳಿಗೆ ನಿನ್ನೆಯೇ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಅಳಲೂ ಇಲ್ಲ. ಇಷ್ಟೇ ಹೇಳಿದಳು: "ನಂಗ್ಯಾಕೆ ಮೊದ್ಲು ಹೇಳ್ದೆ ಅಕ್ಕಾ? ನಿನ್ ಮಗುನ್ಗೆ ಹೇಳು. ನಾನು ಎಲ್ಡು ವರ್ಸದಿಂದ ಅವ್ನ ಸಾಪಿಸ್ತಾ ಇವ್ನಿ."