ಶುಕ್ರವಾರದ ಉಳಿತಾಯ

ಜಾವಗಲ್
೨೧-೯-೧೯೯೭, ಭಾನುವಾರ

ಮುದ್ದಿನ ಮಗಳು ಮೇಘಾಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯೆ? ಹಾಸ್ಟೆಲಿನ ಊಟ ಸೇರುತ್ತಿದೆಯೋ, ಇಲ್ಲ ಚಟ್ನಿಪುಡಿಯಲ್ಲೇ ದಿನ ದೂಡುತ್ತಿದ್ದೀಯೋ? ಗೌರಿ ಹಬ್ಬಕ್ಕೆ ಬಂದವಳು ನನ್ನ ಮೇಲೆ ಹಾರಾಡಿ ತುಮಕೂರಿನ ಬಸ್ಸು ಹತ್ತಿದೆ, ಹದಿನೈದು ದಿನವಾದರೂ ಒಂದು ಕಾರ್ಡು ಹಾಕಲಿಲ್ಲ. ಸಿಟ್ಟು ನಿಮ್ಮಪ್ಪನದು, ಹಠ ನನ್ನದು. ಇನ್ನು ಯಾರನ್ನು ಬೈಯಲಿ? ಇಲ್ಲಿ ನಾನು ಚೆನ್ನಾಗಿದ್ದೇನೆ. ಕಾಲಿನ ಹುಣ್ಣಿಗೆ ನೀನು ತಂದ ಮುಲಾಮನ್ನೇ ಹಚ್ಚುತ್ತಿದ್ದೇನೆ. ಕರಿ ಹಸು ಕರು ಹಾಕಿದೆ, ಹೆಣ್ಣುಗರು. ಅಂಗಡಿಯಲ್ಲಿ ಕಾಯಿ ವ್ಯಾಪಾರ ಪರವಾಗಿಲ್ಲ.

ನನ್ನ ಸಕ್ಕರೆ ಕಾಯಿಲೆಯ ಖರ್ಚು ಬರೆಯಲು ನೀನು ಗೆರೆ ಎಳೆದುಕೊಟ್ಟ ನೋಟ್‌ಬುಕ್ಕನ್ನು ದಿನಾ ತುಂಬುತ್ತಿದ್ದೇನೆ. ಇನ್ಸುಲಿನ್ ಬಾಟ್ಲಿ, ಮನೆಗೆ ಬಂದು ಸೂಜಿ ಚುಚ್ಚುವ ನರ್ಸ್ ಮುನಿಯಮ್ಮನಿಗೆ ಮೂರು ರೂಪಾಯಿ, ರಕ್ತ ಪರೀಕ್ಷೆಗೆಂದು ಅರಸೀಕೆರೆಗೆ ಹೋದ ಬಸ್ ಚಾರ್ಜು, ಒಂದೂ ಬಿಟ್ಟಿಲ್ಲ. (ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಚೂರು ಮೈಸೂರು ಪಾಕ್ ತಿಂದೆ, ಅದನ್ನೂ ಬರೆದಿದ್ದೇನೆ. ಬೈಯಬೇಡ.) ಆದರೆ ಹಬ್ಬಕ್ಕೆ ಬಂದಾಗ ನೀನು ಬೆರಳಿಟ್ಟು ತೋರಿಸಿದ್ದು ಶುಕ್ರವಾರಗಳನ್ನು. ಒಂದು ಶುಕ್ರವಾರಕ್ಕೂ ಸೂಜಿಯ ದುಡ್ಡಿಲ್ಲ; ತಿಂಗಳ ಕೊನೆಗೆ “ಉಳಿತಾಯ ಹನ್ನೆರಡು ರೂಪಾಯಿ” ಅಂತ ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ. “ಯಾರಿಗವ್ವಾ ಉಳಿಸ್ತಿದೀಯ ಇದನ್ನ?” ಅಂತ ಕಿರುಚಿದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ.

ಶುಕ್ರವಾರ ಲಕ್ಷ್ಮಿಯನ್ನು ಹೊಸ್ತಿಲು ದಾಟಿಸಬಾರದೆನ್ನುವುದು ನಿಮ್ಮಪ್ಪನ ನೇಮ. ಆ ದಿನ ಗಲ್ಲಾಪೆಟ್ಟಿಗೆಗೆ ದುಡ್ಡು ಬರಬಹುದು, ಹೋಗಬಾರದು. ಅವರು ತೀರಿಕೊಂಡು ಆರು ವರ್ಷವಾದರೂ ನಾನು ತಪ್ಪಿಸಿಲ್ಲ. ಅದೊಂದನ್ನು ನಡೆಸಿಕೊಂಡು ಬಂದರೆ ಅವರಿನ್ನೂ ಗಲ್ಲಾದ ಮುಂದೆ ಕೂತಿದ್ದಾರೆ ಅನ್ನಿಸುತ್ತದೆ ಕಣೇ. ಮುನಿಯಮ್ಮನಿಗೆ ನಾಳೆ ಕೊಡುತ್ತೇನೆ ಅನ್ನೋಣವೆಂದರೆ, ಊರಿಗೆಲ್ಲ ಉದ್ರಿ ಕೊಡುವವಳು ಮೂರು ರೂಪಾಯಿಗೆ ಉದ್ರಿ ಹೇಳುವುದೇ? ಅದಕ್ಕೇ ಶುಕ್ರವಾರ ಬರಬೇಡ ಎಂದುಬಿಟ್ಟಿದ್ದೆ. ನೀನು ಹೋದ ಮೇಲೆ ಅವಳಿಗೆ ನಿಜ ಹೇಳಿದೆ. ಹಣೆ ಚಚ್ಚಿಕೊಂಡಳು. “ಅಯ್ಯೋ ಬಸಮ್ಮೋರೆ, ನಿಮ್ದು ಶುಕ್ರವಾರ ಉಪವಾಸ ಐತೆ ಅನ್ಕಂಡಿದ್ದೆ! ಗುರುವಾರನೇ ಕೊಟ್ಬಿಟ್ಟಿದ್ರೆ ಆಗ್ತಿರ್ಲಿಲ್ವಾ?” ಎಂದಳು. ಇಷ್ಟು ವರ್ಷ ವ್ಯಾಪಾರ ಮಾಡಿದ ತಲೆಗೆ ಅದು ಹೊಳೆಯಲೇ ಇಲ್ಲ ನೋಡು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ಅಳು ಬಂತು. ಈಗ ಶುಕ್ರವಾರವೂ ಸೂಜಿ ನಡೆಯುತ್ತಿದೆ. ನೀನು ಹೇಳಿದ್ದೇ ಸರಿ, ಆಯಿತೇ?

ತಲೆಗೆ ಎಣ್ಣೆ ಹಚ್ಚಿಕೋ, ರಾತ್ರಿಯೆಲ್ಲ ಓದಿ ಕಣ್ಣು ಕೆಡಿಸಿಕೊಳ್ಳಬೇಡ. ನಿನ್ನ ರೂಮಿನ ಹುಡುಗಿ ಭವ್ಯಾಳನ್ನೂ ಕೇಳಿದೆನೆಂದು ಹೇಳು. ಆ ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ
ಬಸಮ್ಮ

ತಾ.ಕ.: ಚೆನ್ನಾಗಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಹುಣ್ಣು ಮಾಯಲಿಲ್ಲ, ಬಲಗಾಲಿನ ಕಿರುಬೆರಳು ಕಪ್ಪಾಗಿದೆ. ತೆಗೆಯಲೇಬೇಕು ಎಂದರು ಹಾಸನದ ಡಾಕ್ಟರು, ಅದೂ ಬರುವ ಶುಕ್ರವಾರ. ದುಡ್ಡೂ ಅವತ್ತೇ ಕಟ್ಟಬೇಕಂತೆ. ಗುರುವಾರ ಕಟ್ಟುತ್ತೇನೆ ಎಂದು ಕೇಳಿಯೂ ನೋಡಿದೆ, ಒಪ್ಪಲಿಲ್ಲ. ಕಟ್ಟುತ್ತೇನೆ ಬಿಡು. ಅವತ್ತು ಎಷ್ಟು ಲಕ್ಷ್ಮಿ ಹೋಗುತ್ತಾಳೋ ಹೋಗಲಿ, ನೀನು ಬಾ. ಆ ಶುಕ್ರವಾರದ ಲೆಕ್ಕ ನೀನೇ ಬರೆಯಬೇಕು.