ಎರಡೂ ಬದಿ ಗರಿಗರಿ

ನಾದಿನಿಗೆ,

ಅಕ್ಕನ ನೆನಪಿಗೆಂದು ಅವಳ ಏರ್ ಫ್ರೈಯರ್ ಕೇಳಿದ್ದೀಯ. ಬಟ್ಟೆ, ಒಡವೆ ಎಲ್ಲ ಒಯ್ಯಿ, ಅದೊಂದು ಬಿಡು. ನಿನಗೆ ಹೊಸದೇ ಕೊಡಿಸುತ್ತೇನೆ. ಜಿಪುಣ ಭಾವನ ಬಾಯಿಂದ ಇಂಥ ಮಾತು ಮತ್ತೆ ಬರದು, ಈಗಲೇ ಹಿಡಿದುಕೋ.

ಬೆಂಡೆಕಾಯಿ ಅರ್ಧ ಬೆಂದಾಗ ಬುಟ್ಟಿ ಎಳೆದು ಕುಲುಕದಿದ್ದರೆ ಒಂದು ಬದಿ ಕಪ್ಪು, ಇನ್ನೊಂದು ಮೆತ್ತಗೆ ಅನ್ನುತ್ತಿದ್ದಳಲ್ಲ. "ಇದಕ್ಕೂ ತೊಟ್ಟಿಲು ತೂಗಬೇಕೇನೇ?" ಅಂತ ನಾನು ಅಣಕಿಸುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಒಮ್ಮೆ ಕುಲುಕುವುದನ್ನೇ ಮರೆತೆ. ಆದರೂ ಎರಡೂ ಬದಿ ಗರಿಗರಿ. ನಂಬಿಕೆಯಾಗದೆ ಮರುದಿನ ಬೇಕೆಂದೇ ಹೊರಕೋಣೆಯಲ್ಲಿ ಕೂತೆ. ಅರ್ಧದಲ್ಲಿ ಯಂತ್ರ ನಿಂತಿತು, ಬುಟ್ಟಿ ಕುಲುಕಿದ ಸದ್ದಾಯಿತು, ಮತ್ತೆ ಶುರುವಾಯಿತು.

ಭಾನುವಾರ ಊಟಕ್ಕೆ ಬಾ. ಅಡುಗೆಮನೆಗೆ ಮಾತ್ರ ಇಣುಕಬೇಡ. ನಾನೂ ಇಣುಕುವುದಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಾಳೇನೋ.

ನಿನ್ನ ಭಾವ