ತನಗೆ ತಾನೇ ಸಮವಲ್ಲದ್ದು

ಫೆಬ್ರವರಿ 18
ಮತ್ತೆ ಕೋಡ್ ರಿವ್ಯೂ. ಪಾಲಿಹೌಸ್ ಒಳಗೆ ತಣ್ಣಗಾದರೆ ರೈತರನ್ನು ಕೂಗಿ ಎಬ್ಬಿಸುವ ಆ್ಯಪ್. ರೈತ ತುಂಬಿದ್ದು ಸಂಖ್ಯೆಯೇ ಅಲ್ಲದಿದ್ದರೆ ಹಿಡಿಯಲು ಈಸ್‌ನ್ಯಾನ್ ಎಂಬ ಚೆಕ್ ಹಾಕಿದ್ದೆ. ಯಾವೊರ್ ಅದನ್ನು ಅಳಿಸಿ 'ನ್ಯಾನ್‌ಗೆ ಸಮವೇ?' ಎಂದು ನೇರವಾಗಿ ಹೋಲಿಸಿದ್ದಾನೆ. ಓದಲು ಚೆಂದವಂತೆ. ನ್ಯಾನ್ ಎಂದರೆ 'ಸಂಖ್ಯೆಯಲ್ಲ', ಅದು ತನಗೆ ತಾನೇ ಸಮವಲ್ಲ, ಹಾಗೆ ಕೇಳಿದರೆ ಉತ್ತರ ಯಾವಾಗಲೂ 'ಅಲ್ಲ' ಎಂದೇ ಬರುತ್ತದೆ ಎಂದೆ.
"ಮನೇಲಿ ಪಾಠ ಹೇಳಿದ್ದು ಸಾಲ್ದು ಅಂತ ಇಲ್ಲೂ ಶುರು ಮಾಡಿದ್ರಾ, ಮೇಡಂ?" ಎಂದ ಯಾವೊರ್.
ಎಲ್ಲರೂ ನಕ್ಕರು. ಗಂಡನೇ ಟೀಮ್ ಲೀಡ್ ಆದರೆ ಇದೇ ಪಾಡು.

ಫೆಬ್ರವರಿ 19
ತಿಂಡಿಗೆ ಚೀಸ್ ತುಂಬಿದ ಬಾನಿತ್ಸಾ. ಯಾವೊರ್‌ಗೆ ಮತ್ತೆ ಹೇಳಿದೆ.
"ಟೆಸ್ಟ್ ಎಲ್ಲಾ ಪಾಸಾಗಿದೆ. ಬಿಡು ಮಾರಾಯ್ತಿ."
ಆಗದೆ ಏನು... ಟೆಸ್ಟಿನಲ್ಲಿ ಅಂಕೆ ತುಂಬಿದವರು ನಾವೇ.

ಮಾರ್ಚ್ 1
ಸ್ತಾಮೆನ್ ಮಾವನ ಊರಿಗೆ ಹೋಗಿದ್ದೆವು. ನನ್ನ ಸೋದರಮಾವ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು. ಇಬ್ಬರ ಕೈಗೂ ಮಾರ್ಚ್ ತಿಂಗಳ ಕೆಂಪು-ಬಿಳಿ ದಾರ ಕಟ್ಟಿದ, ಪಾಲಿಹೌಸ್ ಬಾಗಿಲಿಗೂ ಒಂದು. ಮೆಣಸಿನ ಸಸಿ ಬೆರಳುದ್ದ ಎದ್ದಿವೆ. ಅವನ ಇಡೀ ವರ್ಷದ ಬದುಕು ಅದು. ಚಳಿ ಮುಗಿಯುವ ತನಕ ಒಲೆ ಆರದಂತೆ ನೋಡಿಕೊಂಡು ಅಲ್ಲೇ ಮಲಗುತ್ತಾನೆ. ಯಾವೊರ್ ಆ್ಯಪ್ ಹಾಕಿಕೊಟ್ಟ.
"ಇನ್ಮೇಲೆ ಮನೇಲೇ ಮಲಗಿ ಮಾವ. ಒಳಗೆ ತಣ್ಣಗಾದ್ರೆ ಇದೇ ಕೂಗಿ ಎಬ್ಬಿಸತ್ತೆ."
"ನಮ್ಮ ಹುಂಜಕ್ಕಿಂತ ಜೋರಾಗಿ ಕೂಗತ್ತೇನಪ್ಪಾ?"
ಕಾರಿನಲ್ಲಿ ಕೇಳಿದೆ — ಆ ಚೆಕ್ ಸರಿ ಮಾಡಿದೆಯಾ?
"ಹ್ಞೂಂ ಹ್ಞೂಂ. ಆಗಿದೆ."

ಮಾರ್ಚ್ 9
ಬೆಳಿಗ್ಗೆ ಮಾವನ ಫೋನ್. "ದೆನಿ, ಸಸಿ ಎಲ್ಲಾ ಕಪ್ಪಾಗಿ ಮಲಗಿಬಿಟ್ಟಿದೆ ಕಣಮ್ಮ. ಅದು ಕೂಗ್ಲೇ ಇಲ್ಲ."
ಲಾಗ್ ತೆಗೆದು ನೋಡಿದೆ. ಇದಕ್ಕಿಂತ ಇಳಿದರೆ ಎಬ್ಬಿಸು ಎಂದು ಮಾವ ತುಂಬಿದ್ದು '4,5', ಅಂದರೆ ನಾಲ್ಕೂವರೆ ಡಿಗ್ರಿ. ಬಲ್ಗೇರಿಯಾದಲ್ಲಿ ಎಲ್ಲರೂ ಶಾಲೆಯಿಂದ ಹಾಗೇ, ದಶಮಾಂಶಕ್ಕೆ ಅಲ್ಪವಿರಾಮ ಇಟ್ಟು ಬರೆಯುವುದು. ಚುಕ್ಕಿ ಇಡುವವರು ನಾವು ಪ್ರೋಗ್ರಾಮರ್‌ಗಳು ಮಾತ್ರ. ಜಾವಾಸ್ಕ್ರಿಪ್ಟ್ ಅದನ್ನು ನ್ಯಾನ್ ಮಾಡಿತು. ಎಷ್ಟೇ ಚಳಿಯಾದರೂ ನ್ಯಾನ್‌ಗಿಂತ ಕಡಿಮೆ ಎಂದಾಗುವುದಿಲ್ಲ. ಅಲಾರಂ ತೆಪ್ಪಗಿತ್ತು. ಅದನ್ನು ಹಿಡಿಯಬೇಕಿದ್ದ ಸಾಲು ಹಾಗೇ ಇದೆ. ಯಾವೊರ್ ಮುಟ್ಟಿಯೇ ಇಲ್ಲ.

ಮಾರ್ಚ್ 10
ಸರಿಪಡಿಸಿದ್ದಾನೆ. ನನ್ನ ಸಾಲನ್ನೇ ವಾಪಸ್ ಹಾಕಿ, ತನ್ನ ಹೆಸರಿನಲ್ಲಿ. ಕಾರಣದ ಜಾಗದಲ್ಲಿ 'ಬಳಕೆದಾರರ ತಪ್ಪು' ಎಂದಿದೆ. ಇವನ ಪಕ್ಕ ಕೂತು ಉಣ್ಣಲು ಅಸಹ್ಯವಾಗುತ್ತಿದೆ.

ಮಾರ್ಚ್ 16, ಮಧ್ಯಾಹ್ನ
ಮಾವ ಊಟಕ್ಕೆ ಬಂದಿದ್ದ. ಹೋದ ವರ್ಷದ ಮೆಣಸಿನ ಚಟ್ನಿ, ಕೊನೆಯ ಬಾಟಲಿ, ನಮಗೇ ತಂದಿದ್ದ.
"ನೀವು ಅಂಕೆ ತಪ್ಪು ಒತ್ತಿದ್ರಿ ಮಾವ," ಎಂದ ಯಾವೊರ್. ಬ್ರೆಡ್ ಮುರಿಯುತ್ತಾ.
ಮಾವ ಚಮಚ ಕೆಳಗಿಟ್ಟ. "ಹೌದಾ... ತಪ್ಪಾಯ್ತಪ್ಪ. ನನ್ನಿಂದ ನಿನಗೆ ಆಫೀಸಲ್ಲಿ ತೊಂದ್ರೆ ಆಗ್ಲಿಲ್ಲ ತಾನೇ?"
ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಯಾವೊರ್ ನನ್ನ ಕೈ ಹಿಂಡಿದ.
"ಪರವಾಗಿಲ್ಲ ಬಿಡಿ ಮಾವ," ಎಂದ. ಕ್ಷಮಿಸಿದ, ಮಹಾನುಭಾವ!
ಹೊರಟಿದ್ದಾರೆ. ಮಾವ ಹೊಸ್ತಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಾನೆ, ಇವನು ಕಾರಿನ ಕೀ ಹುಡುಕುತ್ತಿದ್ದಾನೆ. ಒಳಗಿನ ಕೋಣೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ — ಯಾರಿಗಾಗಿ? ಹೇಳಬೇಕಾದವನು ಬಾಗಿಲಲ್ಲೇ ಇದ್ದಾನೆ. ಇಬ್ಬರ ಎದುರೇ ಹೇಳುತ್ತೇನೆ. ಮಾವ, ತಪ್ಪು ನಿನ್ನದಲ್ಲ, ಅದು—